ಸರ್ವರ್ ಬಿದ್ದದ್ದು ಓದಿನಿಂದಲ್ಲ

ರಾಯಚೂರಿನಲ್ಲಿ ನಾನು ಕೆಲಸ ಮಾಡಿದ ಕಾಲೇಜಿನಲ್ಲಿ ಒಂದು ಕಥೆ ಚಾಲ್ತಿಯಲ್ಲಿದೆ. ಸ್ವಾಗತ ಭಾಷಣ ಮಾಡುವವರು ಅದನ್ನು ಹೇಳುತ್ತಾರೆ, ಅವರು ಮರೆತರೆ ವಂದನಾರ್ಪಣೆ ಮಾಡುವವರು ಹೇಳುತ್ತಾರೆ. ಒಂದು ಸಲ ನಮ್ಮ ಗ್ರಂಥಾಲಯಕ್ಕೆ ವಿದೇಶದ ದೊಡ್ಡ ಕಂಪನಿಯೊಂದರ ಸಂಶೋಧನಾ ಡೇಟಾಬೇಸ್ ಪ್ರಯೋಗಕ್ಕೆಂದು ಬಂತಂತೆ. ನಮ್ಮ ಮಕ್ಕಳು ಅದರ ಮೇಲೆ ಮುಗಿಬಿದ್ದು ಎಷ್ಟು ಓದಿದರೆಂದರೆ, ಸಮುದ್ರದಾಚೆಯ ಸರ್ವರ್ ಆ ಭಾರ ತಡೆಯಲಾರದೆ ಬಿದ್ದೇಹೋಯಿತಂತೆ. ಬಿಸಿಲೂರಿನ ಮಕ್ಕಳ ಜ್ಞಾನದಾಹ ಅಂಥದ್ದು. ಚಪ್ಪಾಳೆ.

ಈ ಕಥೆಗೆ ನನ್ನ ಆಕ್ಷೇಪಣೆಗಳಿವೆ. ಒಂದು: ದೇಶದೇಶಗಳ ಕಾಲೇಜುಗಳು ಏಕಕಾಲಕ್ಕೆ ಬಳಸುವ ವ್ಯವಸ್ಥೆ, ಅರ್ಧದಷ್ಟು ಕೀಬೋರ್ಡುಗಳಲ್ಲಿ ಅಕ್ಷರವೇ ಅಳಿಸಿಹೋಗಿದ್ದ ನಮ್ಮ ಕಂಪ್ಯೂಟರುಗಳ ಭಾರಕ್ಕೆ ಬೀಳುತ್ತದೆಯೇ? ಎರಡು: ಅಷ್ಟು ಓದಿದವರು ಏನು ಓದಿದರು? ಕಥೆ ಹೇಳುವವರಲ್ಲಿ ಯಾರನ್ನಾದರೂ ತಡೆದು ನಿಲ್ಲಿಸಿ ಒಂದೇ ಒಂದು ಲೇಖನದ ವಿಷಯ ಕೇಳಿ ನೋಡಿ. ಮೂರು: ಅಂಥ ದಾಹವಿದ್ದ ಕಾಲೇಜು ಆಮೇಲೆ ಅದನ್ನು ಯಾಕೆ ಕೊಳ್ಳಲಿಲ್ಲ?

ಉತ್ತರಗಳು ನನಗೆ ಗೊತ್ತು. ಸರ್ವರ್ ಬೀಳಲಿಲ್ಲ, ನಮ್ಮನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿತು. ಕಥೆಯನ್ನು ಮೊದಲ ಸಲ ಹೇಳಿದವರು ಪ್ರಿನ್ಸಿಪಾಲರು. ಅದನ್ನು ಚಂದದ ಇಂಗ್ಲಿಷ್ ವಾಕ್ಯವಾಗಿ ತಿದ್ದಿ ಹೇಳಿದವಳು ನಾನು.

ಗ್ರಂಥಾಲಯ ವಿಜ್ಞಾನ ಓದುತ್ತಿರುವ ಹುಡುಗ ಹುಡುಗಿಯರು ತಮ್ಮ ಸಂಚಿಕೆಗೆ ನಿವೃತ್ತರ ಅನುಭವ ಬರೆದುಕೊಡಿ ಎಂದು ಕೇಳಿದಾಗ, ಅಭ್ಯಾಸಬಲದಿಂದ ಮೊದಲು ವಾದಕ್ಕಿಳಿದೆ. ನನಗಿನ್ನೂ ನಲವತ್ತಾಗಿಲ್ಲ. ಅತಿಥಿ ಗ್ರಂಥಪಾಲಕಿ ಎಂಬ ಹುದ್ದೆಗೆ ನಿವೃತ್ತಿಯೇ ಇಲ್ಲ. ವರ್ಷವರ್ಷವೂ ಹೊಸದಾಗಿ ಕರೆಯುತ್ತಾರೆ, ಯಾವುದೋ ಒಂದು ಜೂನ್‌ನಲ್ಲಿ ಕರೆ ಬರುವುದಿಲ್ಲ, ಅಷ್ಟೇ. ನನ್ನ ವಿಷಯದಲ್ಲಿ ಕರೆ ಬಂದಿತ್ತು, ನಾನೇ ಹೋಗಲಿಲ್ಲ. ಈಗ ದೇವದುರ್ಗದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಟ್ಯೂಷನ್ ಹೇಳುತ್ತೇನೆ. ಹಾಗಿದ್ದರೂ ಬರೆಯಲು ಒಪ್ಪಿದ್ದೇಕೆ ಎಂಬುದು ಕೊನೆಗೆ ನಿಮಗೇ ತಿಳಿಯುತ್ತದೆ.

ಹೈಸ್ಕೂಲಿನಿಂದ ಎಂ.ಎ.ವರೆಗೆ ನಾನು ಚರ್ಚಾಸ್ಪರ್ಧೆಯ ಹುಡುಗಿ. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ, ವೇದಿಕೆ ಹತ್ತುವ ಮುಂಚೆ ಚೀಟಿಯಲ್ಲಿ ಏನು ಬರುತ್ತದೋ ಅದು ನನ್ನ ನಿಲುವು. ಎಚ್ಚರಿಕೆಯ ಗಂಟೆ ಬಾರಿಸಿದ ಮೇಲೆ ಉಳಿಯುವ ಒಂದು ನಿಮಿಷದಲ್ಲಿ ಎದುರಾಳಿಯನ್ನು ಬೀಳಿಸುವುದು ನನ್ನ ವಿಶೇಷ. ಈ ವಿದ್ಯೆ ಗ್ರಂಥಾಲಯದಲ್ಲಿ ಕೆಲಸಕ್ಕೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ಬಂತು.

ಗ್ರಂಥಪಾಲಕರು ಶರಣಪ್ಪ ಸರ್. ಹಣೆಯ ವಿಭೂತಿ ಮಧ್ಯಾಹ್ನದ ಬೆವರಿಗೂ ಅಳಿಯದ ಮನುಷ್ಯ. ಪುಸ್ತಕ ವಾಪಸ್ ತಂದವರನ್ನು ಅವರು ಸುಮ್ಮನೆ ಬಿಡುತ್ತಿರಲಿಲ್ಲ. “ಹೆಂಗಿತ್ತಪಾ?” ಎಂದು ಕೇಳುವರು. “ಚೊಲೋ ಇತ್ರಿ” ಎಂದರೆ ಸಾಲದು. ಒಳಗಿನ ಒಂದಾದರೂ ಸಂಗತಿ ಹೇಳಬೇಕು. ತಡವರಿಸಿದರೆ ಪುಸ್ತಕವನ್ನು ಅವರ ಕೈಗೇ ತಿರುಗಿ ಕೊಟ್ಟು, “ಇನ್ನೊಂದು ವಾರ ಮನ್ಯಾಗ ಇರ್ಲಿ ತಗೋ” ಎನ್ನುವರು. ಮುಂದಿನ ವರ್ಷ ಯಾವ ಪುಸ್ತಕ ತರಿಸಬೇಕೆಂದು ಅವರು ನಿರ್ಧರಿಸುತ್ತಿದ್ದುದು ಈ ಮಾತುಕತೆಯಿಂದ. ನನಗೆ ಇದು ಹಳೆಯ ಕಾಲದ ಅಂದಾಜಿನ ವ್ಯವಹಾರವೆನಿಸಿ ನಗು ಬರುತ್ತಿತ್ತು.

ಡೇಟಾಬೇಸಿನ ಟ್ರಯಲ್ ಎಂದರೇನೆಂದು ಹೊಸಬರಿಗೆ ಹೇಳಿಬಿಡುತ್ತೇನೆ. ಸಂಶೋಧನಾ ಲೇಖನಗಳನ್ನು ಆನ್‌ಲೈನಿನಲ್ಲಿ ಒದಗಿಸುವ ಕಂಪನಿ ಕೆಲವು ವಾರ ಪುಕ್ಕಟೆ ಬಳಸಲು ಬಿಡುತ್ತದೆ. ಕಾಲೇಜಿನ ಇಂಟರ್ನೆಟ್ ಸಂಪರ್ಕದ ವಿಳಾಸವನ್ನು ನಾವು ಅವರಿಗೆ ಕಳಿಸಬೇಕು. ಆ ಸಂಪರ್ಕದಿಂದ ತೆರೆದರೆ ಮಾತ್ರ ಎಲ್ಲವೂ ಸಿಗುತ್ತದೆ. ಅವಧಿ ಮುಗಿದ ಮೇಲೆ ಎಷ್ಟು ಲೇಖನ ತೆರೆದಿರಿ, ಎಷ್ಟು ಇಳಿಸಿಕೊಂಡಿರಿ ಎಂಬ ಬಳಕೆಯ ವರದಿ ಬರುತ್ತದೆ. ಅದನ್ನು ನೋಡಿ ಕಾಲೇಜು ಕೊಳ್ಳಬೇಕೋ ಬೇಡವೋ ತೀರ್ಮಾನಿಸಬೇಕು.

ಮೊದಲ ಟ್ರಯಲ್‌ನಲ್ಲೇ ಮುಗ್ಗರಿಸಿದೆ. ಅರ್ಜಿಯನ್ನು ಪ್ರಿನ್ಸಿಪಾಲರ ಕೋಣೆಯ ಕಂಪ್ಯೂಟರಿನಲ್ಲಿ ತುಂಬಿದ್ದೆ, ಅಲ್ಲಿ ಕಂಡ ವಿಳಾಸವನ್ನೇ ಕಳಿಸಿದ್ದೆ. ಆಫೀಸಿನದು ಒಂದು ಸಂಪರ್ಕ, ಗ್ರಂಥಾಲಯದ್ದು ಬೇರೊಂದು ಎಂಬುದು ತಲೆಗೆ ಹೊಳೆಯಲಿಲ್ಲ. ಪರಿಣಾಮ, ಗ್ರಂಥಾಲಯದಲ್ಲಿ ಒಂದು ಪುಟವೂ ತೆರೆಯಲೊಲ್ಲದು. ಪ್ರಿನ್ಸಿಪಾಲರ ಕೋಣೆಯಲ್ಲಿ ಜಗತ್ತಿನ ಜ್ಞಾನವೆಲ್ಲ ಹರವಿಕೊಂಡು ಕೂತಿದೆ. ಲೇಖನ ಬೇಕಾದ ಅಧ್ಯಾಪಕರು ಅಲ್ಲಿಗೇ ಹೋಗತೊಡಗಿದರು.

“ಮಲ್ಲಮ್ಮ ಮೇಡಂ,” ಪ್ರಿನ್ಸಿಪಾಲರು ನನ್ನನ್ನು ಕರೆಸಿ ಕೇಳಿದರು, “ಇದು ನನ್ನ ಛೇಂಬರೋ, ನಿಮ್ಮ ರೀಡಿಂಗ್ ರೂಮೋ? ಮುಂಜಾನಿಂದ ಯಾರ್ಯಾರೋ ಬಂದು ನನ್ನ ಕುರ್ಚಿ ಮ್ಯಾಲ ಕುಂತು ಹೋಗ್ಯಾರ. ನಾ ಎಲ್ಲಿ ಕುಂದರ್ಲಿ, ರ್‍ಯಾಕಿನಾಗ?”

ಹಿಂದೆ ನಿಂತಿದ್ದ ಶರಣಪ್ಪ ಸರ್ ಮೆಲ್ಲಗೆ ಅಂದರು: “ರ್‍ಯಾಕಿನಾಗ ಜಾಗ ಇಲ್ರಿ ಸರ್, ಹಳೆ ಸಂಚಿಕೆ ತುಂಬ್ಯಾವ.”

ನಕ್ಕು ಮರೆತೆವು. ಅವಮಾನವೆಂದರೆ ಇದು ಎಂದು ಆಗ ನಾನು ತಿಳಿದಿದ್ದೆ.

ಮುಂದಿನ ವರ್ಷಗಳಲ್ಲಿ ನಾನು ಟ್ರಯಲ್ ತರಿಸುವುದರಲ್ಲಿ ಪಳಗಿದೆ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಕಂಪನಿಗೆ ಮೇಲ್. “ಖರೀದಿಯ ಬಗ್ಗೆ ನಮ್ಮ ಸಂಸ್ಥೆ ಗಂಭೀರವಾಗಿ ಯೋಚಿಸುತ್ತಿದೆ” ಎಂಬ ವಾಕ್ಯವನ್ನು ಎಲ್ಲರಿಗೂ ಕಳಿಸಿದ್ದೇನೆ, ಅಲ್ಪವಿರಾಮ ಕೂಡ ಬದಲಿಸದೆ. ಕೊಳ್ಳುವ ಯೋಚನೆ ಯಾವತ್ತೂ ಇರಲಿಲ್ಲ. ಗೋಡೆಯ ಮೇಲೆ “ಇ-ಸಂಪನ್ಮೂಲಗಳು ಲಭ್ಯ” ಎಂದು ಬಣ್ಣದಲ್ಲಿ ಬರೆಸಿದ್ದೆವು. ಅದು ಶಾಶ್ವತ. ಅದರ ಕೆಳಗೆ ಡೇಟಾಬೇಸಿನ ಹೆಸರು ಮಾತ್ರ ಚೀಟಿಯಲ್ಲಿ ಬರೆದು ಅಂಟಿಸುವುದು. ಟ್ರಯಲ್ ಬದಲಾದಾಗ ಹಳೆಯ ಚೀಟಿಯ ಮೇಲೆ ಹೊಸ ಚೀಟಿ. ಅಲ್ಲಿ ಗೋಂದಿನ ಒಂದು ಗಡ್ಡೆಯೇ ಬೆಳೆದಿತ್ತು.

ಬಳಕೆಯ ವರದಿಯನ್ನು ನಾನು ಶರಣಪ್ಪ ಸರ್‌ಗೆ ಹೆಮ್ಮೆಯಿಂದ ತೋರಿಸುತ್ತಿದ್ದೆ.

“ನೋಡ್ರಿ ಸರ್. ನೀವು ಹೆಂಗಿತ್ತು ಹೆಂಗಿತ್ತು ಅಂತ ಕೇಳೋದು ಅಂದಾಜು. ಇದು ಲೆಕ್ಕ.”

“ಯಾರು ಓದ್ಯಾರ ಅಂತ ಹೇಳ್ತದೇನವ್ವ ಇದು?”

“ಎಷ್ಟು ಸಲ ತೆಗದಾರ ಅಂತ ಹೇಳ್ತದ್ರಿ.”

“ತೆಗಿಯೋದು ಬ್ಯಾರೆ, ಓದೋದು ಬ್ಯಾರೆ ಅಲ್ಲೇನು?”

“ಓದುಗನ ಮನಸಿನಾಗ ಇಣುಕಿ ನೋಡೋದು ಗ್ರಂಥಪಾಲಕರ ಕೆಲಸ ಅಲ್ರಿ ಸರ್. ಪುಸ್ತಕ ಒಯ್ದವ ದಿಂಬು ಮಾಡಿಕೊಂಡರೂ ನೀವು ರಿಜಿಸ್ಟರಿನಾಗ ಒಯ್ದ ಅಂತನೇ ಬರೀತೀರಿ.”

ಅವರು ನಕ್ಕುಬಿಟ್ಟರು. “ನಿನ್ನ ಬಾಯಿಗೆ ನಾ ಬರಂಗಿಲ್ಲವ್ವ ತಾಯಿ.” ನಾನು ಗೆದ್ದೆನೆಂದುಕೊಂಡೆ. ಈ ವಾದವನ್ನು ನೆನಪಿಟ್ಟುಕೊಳ್ಳಿ ಎಂದು ಹೊಸಬರಿಗೆ ಹೇಳುತ್ತೇನೆ, ಏಕೆಂದರೆ ನಿಮ್ಮಲ್ಲಿ ಜಾಣರಾದವರು ಇದನ್ನೇ ಮಾಡುತ್ತೀರಿ, ಮತ್ತು ಇದರಲ್ಲಿ ತಪ್ಪೇನೆಂದು ಆ ಕ್ಷಣಕ್ಕೆ ಯಾರಿಗೂ ತೋರಿಸಲಾಗುವುದಿಲ್ಲ.

ನಸೀಮಾ ಬಂದದ್ದು ಆ ದಿನಗಳಲ್ಲಿ. ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿನಿ, ಊರು ಮಾನ್ವಿ. ಅವಳ ತಂದೆಗೆ ಅಲ್ಲಿಯ ಬಜಾರದಲ್ಲಿ ಪ್ಲಾಸ್ಟಿಕ್ ಬಕೆಟು, ಕೊಡ, ಡ್ರಮ್ಮು ಮಾರುವ ಅಂಗಡಿ. ಅವಳು ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಕೊಳವೆಬಾವಿ ನೀರಿನ ಫ್ಲೋರೈಡನ್ನು ಭತ್ತದ ಹೊಟ್ಟಿನ ಬೂದಿಯಿಂದ ಸೋಸಿ ತೆಗೆಯುವುದು ಅವಳ ವಿಷಯ. ಕಲ್ಲೂರಿನ ಕಡೆಯಿಂದ ರೈಸ್‌ಮಿಲ್ಲಿನ ಬೂದಿಯನ್ನು ಸಿಮೆಂಟ್ ಚೀಲದಲ್ಲಿ ತರಿಸಿ, ಅಂಗಡಿಯ ಬಕೆಟ್ಟಿಗೆ ತೂತು ಹಾಕಿ, ಮನೆಯ ಮಾಳಿಗೆಯ ಮೇಲೆ ಸಾಲಾಗಿ ಇಟ್ಟಿದ್ದಳು.

“ನಮ್ಮ ಅಬ್ಬಾ ಬೈತಾರ್ರಿ ಮೇಡಂ,” ಅನ್ನುತ್ತಿದ್ದಳು. “‘ಮಂದಿ ಬಕೀಟಿನಾಗ ನೀರು ನಿಲ್ಲಲಿ ಅಂತ ಒಯ್ತಾರ, ನಮ್ಮ ಬೇಟಿ ಸೋರಲಿ ಅಂತ ಒಯ್ತಾಳ’ ಅಂತ ಗಿರಾಕಿಗಳ ಮುಂದನ ಅಂತಾರ.”

ಪ್ರಯೋಗ ಮುಗಿದಿತ್ತು. ಉಳಿದಿದ್ದು, ಈ ದಾರಿಯಲ್ಲಿ ಬೇರೆಯವರು ಏನೇನು ಮಾಡಿದ್ದಾರೆ, ತನ್ನದು ಅದಕ್ಕಿಂತ ಹೇಗೆ ಬೇರೆ ಎಂದು ತೋರಿಸುವ ಅಧ್ಯಾಯ. ಅದಕ್ಕೆ ಬೇಕಾದ ಲೇಖನಗಳಿಗೆಲ್ಲ ದುಡ್ಡು ಕೊಟ್ಟರೆ ಮಾತ್ರ ತೆರೆಯುವ ಬೀಗ. ಅವಳ ನೋಂದಣಿಯ ಅವಧಿಯನ್ನು ಆಗಲೇ ಒಮ್ಮೆ ಮುಂದೂಡಿದ್ದರು. ಆ ಬೇಸಿಗೆಯೊಳಗೆ ಪ್ರಬಂಧ ಸಲ್ಲಿಸದಿದ್ದರೆ ನೋಂದಣಿ ರದ್ದು, ಎಲ್ಲ ಹೊಸದಾಗಿ ಶುರು. ದೇವದುರ್ಗದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದ ಅವಳು ತರಗತಿ ಇಲ್ಲದ ದಿನಗಳಲ್ಲಿ ಬಸ್ಸು ಹಿಡಿದು ನಮ್ಮಲ್ಲಿಗೆ ಬರುತ್ತಿದ್ದಳು.

ಅವಳ ಅದೃಷ್ಟಕ್ಕೆ ಆಗ ಬಂದಿದ್ದ ಟ್ರಯಲ್ ಒಳ್ಳೆಯದಿತ್ತು. ಬೇಕಾದ್ದೆಲ್ಲ ಅದರಲ್ಲಿತ್ತು. ಮೊದಲ ದಿನವೇ ಅವಳು ತನ್ನ ವಿಧಾನಕ್ಕೆ ತೀರ ಹತ್ತಿರದ ಒಂದು ಲೇಖನ ಹುಡುಕಿ, ಕುರ್ಚಿಯಿಂದ ಅರ್ಧ ಎದ್ದು ನನ್ನನ್ನು ಕರೆದಳು.

“ಮೇಡಂ, ಇಲ್ನೋಡ್ರಿ, ಇವರೂ ಬೂದಿಗಿ ಸುಣ್ಣ ಕೂಡಿಸ್ಯಾರ. ನನಗ ಇದೇ ಬೇಕಾಗಿತ್ರಿ. ಇದರ ಲೆಕ್ಕ ಎಲ್ಲಾ ಕೂತು ಹೋಲಿಸಿ ನೋಡಬೇಕ್ರಿ. ಇಳಿಸಿಕೊಳ್ಳಲೇನ್ರಿ?”

ನಾನು ಕಂಪನಿಯ ಷರತ್ತುಗಳನ್ನು ಪ್ರಿಂಟ್ ಹಾಕಿಸಿ, ಕೆಂಪು ಗೆರೆ ಎಳೆದು, ಮೇಜಿನ ಮೇಲಿಟ್ಟುಕೊಂಡಿದ್ದೆ. ಸಗಟಾಗಿ ಲೇಖನ ಇಳಿಸಿಕೊಳ್ಳುವಂತಿಲ್ಲ, ಇಳಿಸಿದರೆ ಸಂಪರ್ಕ ಕಡಿತ. ಅದನ್ನು ಅವಳಿಗೆ ಓದಿ ಹೇಳಿದೆ. ಒಂದೆರಡು ಲೇಖನ ಇಳಿಸಿಕೊಳ್ಳುವುದು ಸಗಟು ಅಲ್ಲ ಎಂಬುದು ನನಗೂ ಗೊತ್ತಿತ್ತು. ಆದರೆ ನನ್ನ ಟ್ರಯಲ್‌ಗೆ ಏನೂ ಆಗಬಾರದಲ್ಲ.

“ನಿನ್ನ ಹೆಸರಿನಾಗ ಒಂದು ಖಾತೆ ಮಾಡಿಕೊಡ್ತೀನಿ. ಅದರಾಗ ಫೋಲ್ಡರ್ ಅದ. ಬೇಕಾದ್ದೆಲ್ಲ ಅಲ್ಲೇ ಕೂಡಿಡು, ಇಲ್ಲೇ ಕುಂತು ಓದು, ಟಿಪ್ಪಣಿನೂ ಅಲ್ಲೇ ಬರಿ. ಎಲ್ಲಿಗೂ ಹೋಗಂಗಿಲ್ಲ ಅದು.”

“ಟ್ರಯಲ್ ಮುಗದ್ರ?”

“ಮುಗೀಲಿ. ನಾ ಮುಂದಕ್ಕ ಹಾಕಿಸ್ತೀನಿ. ಇಲ್ಲಿತನ ಹಾಕಿಸಿಲ್ಲೇನು?”

“ಆತ್ರಿ ಮೇಡಂ. ನೀವು ಹೇಳಿದಂಗ.”

ಅವಳು ಹಾಗೆಯೇ ನಡೆದುಕೊಂಡಳು. ಒಂದೇ ಒಂದು ಲೇಖನ ಇಳಿಸಿಕೊಳ್ಳಲಿಲ್ಲ. ಮೂಲೆಯ ಕಂಪ್ಯೂಟರಿನ ಮುಂದೆ ಕೂತು, ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಬಿಚ್ಚುತ್ತ ಓದುವಳು, ಪರದೆಯ ಮೇಲೆಯೇ ಟಿಪ್ಪಣಿ ಹಾಕುವಳು. ಊಟಕ್ಕೆ ಎದ್ದಾಗ ಶರಣಪ್ಪ ಸರ್ ಕೇಳುವರು: “ಹೆಂಗಿತ್ತವ್ವ ಇವತ್ತಿಂದು?” ಅವಳು ಸುಣ್ಣ, ಬೂದಿ, ಬಿಸಿ, ಹುಳಿ ಎಂದು ಶುರುಮಾಡಿದರೆ ಅವರ ಬುತ್ತಿ ಆರಿಹೋಗುತ್ತಿತ್ತು.

ಇದೇ ಹೊತ್ತಿಗೆ ಕಾಲೇಜಿನ ಮೌಲ್ಯಮಾಪನಕ್ಕೆ ಹೊರಗಿನಿಂದ ತಂಡ ಬರುತ್ತದೆಂದು ಸುದ್ದಿಯಾಯಿತು. ಗೋಡೆಗೆ ಸುಣ್ಣ, ಹೂಕುಂಡಗಳಿಗೆ ಕೆಮ್ಮಣ್ಣು. ಪ್ರಿನ್ಸಿಪಾಲರು ನನ್ನಿಂದ ಅಲ್ಲಿಯವರೆಗಿನ ಬಳಕೆಯ ವರದಿ ತರಿಸಿಕೊಂಡು ನೋಡಿದರು. ಅದರಲ್ಲಿದ್ದದ್ದು ಮುಖ್ಯವಾಗಿ ನಸೀಮಾ ಒಬ್ಬಳ ಓದು. ಲೇಖನಗಳು ತೆರೆದಿವೆ, ಇಳಿಸಿಕೊಂಡದ್ದು ಎಂಬ ಕಾಲಂ ಹೆಚ್ಚೂಕಡಿಮೆ ಖಾಲಿ.

“ಇದನ್ನ ತೋರಿಸಿದ್ರ ಮಾನ ಹೋಗ್ತದ,” ಎಂದರು. “ನಾಳೆ ಎಲ್ಲಾ ಕ್ಲಾಸಿನವರನ್ನೂ ಕಳಿಸ್ತೀನಿ. ಬಂದವರೆಲ್ಲ ಏನರ ಇಳಿಸಲಿ. ಏನಾದ್ರೂ ನಡೀತದ. ಕಾಲಂ ತುಂಬಬೇಕು.”

ಶರಣಪ್ಪ ಸರ್ ಬಾಯಿಬಿಟ್ಟರು. “ಸರ್, ಷರತ್ತಿನಾಗ...”

ನಾನು ಅವರ ಮಾತು ಮುಗಿಯಗೊಡಲಿಲ್ಲ. ಸಗಟು ಎಂದರೆ ಒಬ್ಬನೇ ಬಹಳ ಇಳಿಸುವುದು. ಬಹಳ ಜನ ಒಂದೊಂದು ಇಳಿಸಿದರೆ ಅದು ಬಳಕೆ, ಎಂದೆ. ವಿದ್ಯಾರ್ಥಿಗಳಿಗೆ ಇದು ತರಬೇತಿಯೂ ಆಗುತ್ತದೆ ಎಂದೆ. ಪ್ರಿನ್ಸಿಪಾಲರ ಮುಖ ಅರಳಿತು. ಒಂದು ಎತ್ತು ಒಂದು ಕಡೆ, ಒಂದು ಎತ್ತು ಇನ್ನೊಂದು ಕಡೆ ಎಳೆಯುವಂಥ ಎರಡು ಅರ್ಥಗಳನ್ನು ಒಂದೇ ಷರತ್ತಿಗೆ ಕಟ್ಟಿದ್ದೆ. ನಸೀಮಾಗೆ ಒಂದು ಅರ್ಥ, ಪ್ರಿನ್ಸಿಪಾಲರಿಗೆ ಒಂದು. ಚರ್ಚೆಯಲ್ಲಿ ಇದಕ್ಕೆ ಪದಕ ಕೊಡುತ್ತಾರೆ.

ಮರುದಿನ ಹಿಂಡುಹಿಂಡಾಗಿ ಹುಡುಗರು ಬಂದರು. ನಸೀಮಾ ತನ್ನ ಮೂಲೆಯಲ್ಲಿ ಆಗಲೇ ಕೂತಿದ್ದಳು.

“ಇವತ್ತೊಂದಿನ ಎದ್ದುಬಿಡವ್ವ,” ಎಂದೆ. “ಬ್ಯಾಚ್ ಅದಾವ.”

ಎದ್ದಳು. ಗೋಡೆಗೆ ಒರಗಿ ನಿಂತು ನೋಡಿದಳು. ನಾನು ಮುಂದೆ ನಿಂತು, ಯಾವುದಾದರೂ ಪದ ಹಾಕಿ, ಬಂದದ್ದನ್ನು ಇಳಿಸಿ, ಎದ್ದು ಮುಂದಿನವರಿಗೆ ಜಾಗ ಬಿಡಿ ಎಂದು ಹೇಳುತ್ತಿದ್ದೆ. ಹುಡುಗರಿಗೆ ಹಬ್ಬ.

“ಲೇ, ನೀ ಏನ್ ಇಳಿಸ್ದಿ?”

“ಹಂದಿ ಜ್ವರ.”

“ನಿನಗ್ಯಾಕ ಬೇ ಹಂದಿ ಜ್ವರ, ಬಿ.ಕಾಂ. ಮಗನ?”

“ನಿನ್ನ ಹೆಸರು ಹಾಕಿದ್ದೆ, ಅದು ಬಂತು.”

ನಗು ಛಾವಣಿ ಮುಟ್ಟಿತು. ನಾನೂ ನಕ್ಕೆ. ಒಬ್ಬನಂತೂ ಗುಂಡಿಯ ಮೇಲಿನ ಬೆರಳನ್ನೇ ಎತ್ತದೆ ಮೀನಿನ ರೋಗದ ಒಂದೇ ಲೇಖನವನ್ನು ಮತ್ತೆ ಮತ್ತೆ ಇಳಿಸುತ್ತಿದ್ದ. ನಾನು ತಡೆಯಲಿಲ್ಲ, ಕಾಲಂ ತುಂಬುತ್ತಿತ್ತು.

ನಸೀಮಾ ಹತ್ತಿರ ಬಂದಳು. ದನಿ ತಗ್ಗಿಸಿ ಕೇಳಿದಳು: “ಮೇಡಂ, ಎಲ್ಲಾರೂ ಇಳಿಸಾಕತ್ತಾರಲ್ರಿ. ಆ ಒಂದು ಲೇಖನ ನಾನೂ ಇಳಿಸಿಕೊಂಡುಬಿಡ್ಲೇನ್ರಿ?”

ಅವಳ ಹಿಂದೆ ಹುಡುಗರ ಸಾಲು ಬಾಗಿಲಿನಾಚೆಗೂ ಬೆಳೆದಿತ್ತು. ಆ ಪ್ರಶ್ನೆಯೊಳಗೆ ಒಂದು ವಾದವಿತ್ತು, ಸರಿಯಾದ ವಾದ. ನನಗೆ ಎದುರಾಳಿ ಸರಿಯಿದ್ದಾಗ ಸಿಟ್ಟು ಬರುತ್ತದೆ.

“ಅವರದು ಟ್ರೇನಿಂಗ್, ನಿಂದು ರಿಸರ್ಚು. ಎರಡಕ್ಕೂ ಬ್ಯಾರೆ ನಿಯಮ. ನಿನ್ನ ಫೋಲ್ಡರಿನಾಗ ಅದ ಅಲ್ಲ? ನಾಡಿದ್ದು ಬಾ, ಆರಾಮಾಗಿ ಕುಂತು ಓದು.”

“ಆತ್ರಿ,” ಎಂದಳು. ಚೀಲ ಹೆಗಲಿಗೆ ಹಾಕಿಕೊಂಡು ಮಾನ್ವಿ ಬಸ್ಸಿಗೆ ಹೋದಳು.

ಸಂಜೆಯಾಗುವುದರೊಳಗೆ ಪರದೆಗಳ ಮೇಲೆ ಒಂದು ಸಂದೇಶ ಬಂತು. ಒಂದೇ ವಿಳಾಸದಿಂದ ಅಸಹಜ ಪ್ರಮಾಣದಲ್ಲಿ ಲೇಖನಗಳನ್ನು ತೆಗೆಯಲಾಗುತ್ತಿದೆ. ಕಳ್ಳತನದ ಶಂಕೆಯಿಂದ ನಿಮ್ಮ ಸಂಸ್ಥೆಯ ಪ್ರವೇಶವನ್ನು ತಡೆಹಿಡಿಯಲಾಗಿದೆ. ಎಷ್ಟು ಜನ ಕೂತಿದ್ದರೂ ಹೊರಗಿನ ಯಂತ್ರಕ್ಕೆ ನಾವು ಒಂದೇ ವಿಳಾಸ, ಅಂದರೆ ಒಬ್ಬನೇ ಮನುಷ್ಯ. ಮೊದಲ ಟ್ರಯಲ್‌ನಲ್ಲಿ ನನ್ನನ್ನು ನಗೆಪಾಟಲು ಮಾಡಿದ್ದು ಇದೇ ವಿಳಾಸದ ವಿಷಯ, ಕಲಿತಿದ್ದೆನೆಂದು ಭಾವಿಸಿದ್ದೆ. ನಾನು ನಸೀಮಾಳ ಖಾತೆ ತೆರೆದು ನೋಡಿದೆ. ಅಲ್ಲಿಯೂ ಅದೇ ಸಂದೇಶ.

ಮರುದಿನ ಮುಂಜಾನೆ ತಂಡ ಬಂದೇಬಿಟ್ಟಿತು. ಅವರಲ್ಲಿ ಒಬ್ಬರು ಗೋಡೆಯ ಬರಹ ನೋಡಿ, “ತೆಗೆದು ತೋರಿಸಿ” ಎಂದರು. ಪ್ರಿನ್ಸಿಪಾಲರು ನನ್ನ ಕಡೆ ನೋಡಿದರು, ಮತ್ತೆ ಅವರ ಕಡೆ ತಿರುಗಿ, ಅರೆಬರೆ ಇಂಗ್ಲಿಷಿನಲ್ಲಿ, ನಮ್ಮ ಮಕ್ಕಳು ಬಹಳ ಬಳಸಿ ಸರ್ವರ್ ಬಿತ್ತು ಎಂದರು. ವಾಕ್ಯ ಎಡವಿತು. ತಂಡದವರಿಗೆ ಅರ್ಥವಾಗಲಿಲ್ಲ. ನಾನು ಮುಂದೆ ಬಂದು ಅದನ್ನೇ ಸರಾಗವಾಗಿ, ಒಂದು ಸಣ್ಣ ನಗೆಯ ಸಮೇತ, ಮತ್ತೊಮ್ಮೆ ಹೇಳಿದೆ. ಅವರೂ ನಕ್ಕರು. ಒಬ್ಬರು ಬರೆದುಕೊಂಡರು. ಶರಣಪ್ಪ ಸರ್ ಕಪಾಟಿನ ಕಡೆ ಮುಖ ತಿರುಗಿಸಿ, ಸರಿಯಾಗಿಯೇ ಇದ್ದ ಪುಸ್ತಕಗಳನ್ನು ಸರಿಮಾಡತೊಡಗಿದರು.

ಕಂಪನಿಯ ಪರವಾಗಿ ನಮ್ಮೊಡನೆ ಮಾತಾಡುತ್ತಿದ್ದವನು ಹೈದರಾಬಾದಿನ ಶ್ರೀನಿವಾಸ್. ಕನ್ನಡವನ್ನು ತೆಲುಗಿನ ರಾಗದಲ್ಲಿ ಆಡುವ ಸಜ್ಜನ. ಫೋನ್ ಮಾಡಿದೆ.

“ಮೇಡಂ, ಇದು ಚಿನ್ನ ವಿಷಯಮು, ಸಣ್ಣದು. ಬೇರೆ ಕಾಲೇಜಿನಲ್ಲಿ ಕೂಡ ಆಗ್ತದೆ. ಹುಡುಗರ ಕೈಯಲ್ಲಿ ನಾವೇ ಡೌನ್‌ಲೋಡ್ ಮಾಡಿಸಿದೆವು, ಇನ್ನು ಮಾಡಿಸೋದಿಲ್ಲ ಅಂತ ಕಾಲೇಜಿನಿಂದ ಒಂದು ಲೆಟರ್ ಕೊಡಿ. ನಾನು ಮೇಲೆ ಮಾತಾಡಿ ತೆಗೆಸ್ತೀನಿ. ಆ ರಿಸರ್ಚ್ ಅಮ್ಮಾಯಿ ಖಾತೆ ಮೊದಲು ತೆಗೆಸ್ತೀನಿ. ಟ್ರಯಲ್ ಡೇಟ್ ಒಳಗೆ ಕೊಡಬೇಕು ಅಷ್ಟೆ. ಆಮೇಲೆ ಖಾತೆಗಳೆಲ್ಲ ಡಿಲೀಟ್ ಆಗ್ತವೆ.”

ಪ್ರಿನ್ಸಿಪಾಲರು ಕೇಳಿದ ಕೂಡಲೇ ಕೈ ಅಲ್ಲಾಡಿಸಿದರು. “ತಂಡದ ರಿಪೋರ್ಟ್ ಇನ್ನೂ ಬಂದಿಲ್ಲ. ಮಾಡಿಸೀವಿ ಅಂತ ನಾವೇ ಬರದು ಕೊಡಬೇಕಾ? ಅದು ಆಗಂಗಿಲ್ಲ.”

ಹೊರಗೆ ಬಂದಾಗ ಶರಣಪ್ಪ ಸರ್ ತಮ್ಮ ಮೇಜಿನಲ್ಲಿ ಕೂತು ಪೆನ್ನಿನ ಟೊಪ್ಪಿ ತೆಗೆದರು.

“ನೀ ಬರಿಯವ್ವ ಇಂಗ್ಲೀಷಿನಾಗ. ನಾ ಸಹಿ ಹಾಕ್ತೀನಿ. ಗ್ರಂಥಪಾಲಕ ನಾನಲ್ಲೇನು?”

ಈಗಲೂ ನನಗೆ ಮುಖವೆತ್ತಲಾಗದಂತೆ ಮಾಡುವುದು ಇದರ ಮುಂದಿನದು. ನಸೀಮಾಳನ್ನು ಎಬ್ಬಿಸಿದ್ದಾಗಲಿ, ತಂಡದ ಮುಂದೆ ನಕ್ಕಿದ್ದಾಗಲಿ ಇದರ ಮುಂದೆ ಸಣ್ಣದು. ಅವತ್ತು ನನ್ನೆದುರು ಒಂದು ತೆರೆದ ಪೆನ್ನಿತ್ತು. ನಾನು ವಾದ ಶುರುಮಾಡಿದೆ. ಕಾಲೇಜಿನ ಪರವಾಗಿ ಪತ್ರ ಬರೆಯುವ ಅಧಿಕಾರ ಪ್ರಿನ್ಸಿಪಾಲರದು, ನಿಮ್ಮದಲ್ಲ. ಅಧಿಕಾರವಿಲ್ಲದ ಸಹಿಗೆ ಬೆಲೆಯಿಲ್ಲ. ಬೆಲೆಯಿಲ್ಲದ ಪತ್ರದಿಂದ ನಸೀಮಾಗೆ ಉಪಯೋಗವಿಲ್ಲ, ನಿಮಗೆ ಮಾತ್ರ ತೊಂದರೆ. ರಿಪೋರ್ಟ್ ಬರಲಿ, ಆಗ ಪ್ರಿನ್ಸಿಪಾಲರೇ ಕೊಡುತ್ತಾರೆ. ಒಂದರ ಮೇಲೊಂದು ಜೋಡಿಸಿದೆ. ಎಲ್ಲೂ ಸಂದಿಲ್ಲ. ಜೂನ್ ಹತ್ತಿರವಿದೆ, ಪತ್ರ ಬರೆದವಳು ನಾನೆಂದು ಗೊತ್ತಾದರೆ ನನಗೆ ಕರೆ ಬರುವುದಿಲ್ಲ ಎಂಬ ಒಂದೇ ನಿಜವಾದ ಕಾರಣವನ್ನು ಮಾತ್ರ ಹೇಳಲಿಲ್ಲ.

“ನಿನ್ನ ಬಾಯಿಗೆ ನಾ ಬರಂಗಿಲ್ಲ,” ಎಂದರು ಶರಣಪ್ಪ ಸರ್. ಈ ಸಲ ನಗಲಿಲ್ಲ, ತಾಯಿ ಎನ್ನಲಿಲ್ಲ. ಪೆನ್ನಿಗೆ ಟೊಪ್ಪಿ ಹಾಕಿದರು.

ನಾನು ಕಂಪನಿಗೆ ಒಂದು ಮೇಲ್ ಬರೆದೆ. ಕಾರಣ ಒಪ್ಪಿಕೊಳ್ಳದೆ, ನಿರಾಕರಿಸದೆ, ಉದ್ದನೆಯ, ನಯವಾದ ಮೇಲ್. ಅಷ್ಟೇ ನಯವಾದ ಉತ್ತರ ಬಂತು: ನಿಮ್ಮ ಆಸಕ್ತಿಗೆ ಧನ್ಯವಾದ. ರಿಪೋರ್ಟ್ ಬಂದದ್ದು ಟ್ರಯಲ್‌ನ ದಿನಾಂಕ ದಾಟಿದ ಮೇಲೆ. ಗ್ರಂಥಾಲಯದ ಬಗ್ಗೆ ಅದರಲ್ಲಿ ಒಳ್ಳೆಯ ಮಾತಿತ್ತು.

ನಾನು ಹೇಳಿದ ದಿನವೇ ನಸೀಮಾ ಬಂದಿದ್ದಳು. ಮೂಲೆಯ ಕಂಪ್ಯೂಟರ್ ಖಾಲಿಯಿತ್ತು, ಎಲ್ಲ ಕಂಪ್ಯೂಟರುಗಳೂ ಖಾಲಿಯಿದ್ದವು. ಸಂದೇಶ ಓದಿದಳು. ಏನಾಯಿತೆಂದು ನಾನು ಹೇಳಿದೆ. ಸುಳ್ಳು ಹೇಳಲಿಲ್ಲ, ಹುಡುಗರು ಇಳಿಸಿದ್ದರಿಂದ ಹೀಗಾಯಿತು ಎಂದೆ. ಪತ್ರ ಕೊಟ್ಟರೆ ತೆರೆಯುತ್ತಾರೆ, ಪ್ರಯತ್ನ ನಡೆದಿದೆ ಎಂದೂ ಹೇಳಿದೆ. ಪ್ರಯತ್ನ ಯಾರದು, ಅದನ್ನು ನಿಲ್ಲಿಸಿದವರು ಯಾರು ಎಂದು ಅವಳು ಕೇಳಲಿಲ್ಲ.

“ನನ್ನ ಟಿಪ್ಪಣಿನೂ ಅದರಾಗ ಅದಾವ್ರಿ ಮೇಡಂ,” ಎಂದಳು. ಆಮೇಲೆ ನನ್ನ ಮುಖ ನೋಡಿ, ನನಗೇ ಸಮಾಧಾನ ಹೇಳಿದಳು: “ಹೋಗ್ಲಿ ಬಿಡ್ರಿ. ನೀವು ಏನು ಮಾಡ್ತೀರಿ ಪಾಪ.”

ನೆನಪಿನಿಂದ ಎಷ್ಟು ಬರೆಯಬಹುದೋ ಅಷ್ಟು ಬರೆದಳು. ಲೇಖಕರಿಗೇ ಮೇಲ್ ಹಾಕಿ ನೋಡಿದಳು, ಉತ್ತರ ಬರಲಿಲ್ಲ. ಆ ಲೇಖನದ ಜೊತೆ ಹೋಲಿಕೆ ಇಲ್ಲದೆ ಪ್ರಬಂಧ ಕಳಿಸಿದರೆ ಪರೀಕ್ಷಕರು ಮೊದಲು ಅದನ್ನೇ ಕೇಳುತ್ತಾರೆಂದು ಅವಳ ಮಾರ್ಗದರ್ಶಕರು ಒಪ್ಪಲಿಲ್ಲ. ಬೇಸಿಗೆ ಮುಗಿಯಿತು, ನೋಂದಣಿ ರದ್ದಾಯಿತು. ಹೊಸದಾಗಿ ಶುರುಮಾಡುವ ಮಾತನ್ನು ಮನೆಯಲ್ಲಿ ಎತ್ತಲಾಗಲಿಲ್ಲವೆಂದು ಆಮೇಲೆ ಯಾವಾಗಲೋ ಹೇಳಿದಳು. ಈಗ ನೀರಮಾನ್ವಿಯ ಕಡೆ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ತೂತಿನ ಬಕೆಟ್ಟಿನಲ್ಲಿ ಬೂದಿ ತುಂಬಿ ಮಕ್ಕಳಿಗೆ ನೀರು ಸೋಸಿ ತೋರಿಸುತ್ತಾಳಂತೆ.

ಆ ಜೂನ್‌ನಲ್ಲಿ ನನಗೆ ಕರೆ ಬಂತು. ಶರಣಪ್ಪ ಸರ್ ಅದೇ ವರ್ಷ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಪ್ರಿನ್ಸಿಪಾಲರು ಸರ್ವರ್ ಬಿದ್ದ ಕಥೆಯನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದರು. ಸರ್ ಕೈ ತಟ್ಟಲಿಲ್ಲ. ಮುಂದಿನ ಜೂನ್‌ನಲ್ಲಿ ಕರೆ ಬಂದರೂ ನಾನು ಹೋಗಲಿಲ್ಲ. ಇದನ್ನು ಪ್ರಾಯಶ್ಚಿತ್ತವೆಂದು ಕರೆಯುವಷ್ಟು ನಾಚಿಕೆಗೇಡಿ ನಾನಲ್ಲ. ಕೆಲಸ ಬಿಟ್ಟದ್ದರಿಂದ ನಸೀಮಾಗೆ ಒಂದು ಪುಟವೂ ವಾಪಸ್ ಸಿಗಲಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಬರುವವರೇ, ಟ್ರಯಲ್ ಬಂದರೆ ಅದು ಮುಗಿಯುವ ದಿನವನ್ನು ಮೊದಲು ಬರೆದು ಹಚ್ಚಿ. ನಿಜವಾಗಿ ಬೇಕಾದವರು ಯಾರೆಂದು ಹುಡುಕಿ, ಅವರಿಗೆ ಬೇಕಾದ್ದನ್ನು ಮೊದಲ ದಿನವೇ ಕೈಗೆ ಸಿಗುವಂತೆ ಮಾಡಿ. ಕಾಲಂ ತುಂಬಿಸುವ ಕೆಲಸ ನಿಮ್ಮ ಪಾಲಿಗೂ ಬರುತ್ತದೆ. ಅವತ್ತು ನಿಮ್ಮಲ್ಲಿ ಒಳ್ಳೆಯ ವಾದವಿದ್ದರೆ, ಅದನ್ನು ನಂಬಬೇಡಿ.

ಇಷ್ಟನ್ನೂ ಬರೆಯದೆ ಉಳಿಯುತ್ತಿದ್ದೆನೇನೋ. ಮೊನ್ನೆ ನಸೀಮಾಳ ಫೋನ್ ಬಂತು. ಅಂಗಡಿಯಲ್ಲಿದ್ದಳು, ಯಾರೋ ಕೊಡದ ಬಾಯಿ ಬಡಿದು ನೋಡುವ ಸದ್ದು ಕೇಳುತ್ತಿತ್ತು.

“ಮೇಡಂ, ನಮ್ಮ ತಂಗಿ ರುಕ್ಸಾನಾ ಲೈಬ್ರರಿ ಸೈನ್ಸ್ ಸೇರ್ತೀನಿ ಅಂತಾಳ್ರಿ. ಹಟಮಾರಿ ಅದಾಳ, ಯಾರ ಮಾತೂ ಕೇಳಂಗಿಲ್ಲ. ನಿಮ್ಮ ಹಂತ್ಯಾಕ ಕಳಿಸ್ತೀನ್ರಿ. ಮಲ್ಲಮ್ಮ ಮೇಡಂ ಹೇಳಿದಂಗ ನಡಿ, ಒಳ್ಳೇದಾಗ್ತದ ಅಂತ ಹೇಳೀನ್ರಿ ಆಕಿಗಿ.”

ನನ್ನ ಹತ್ತಿರ ಆಗ ಯಾವ ವಾದವೂ ಇರಲಿಲ್ಲ. ಪೆನ್ನಿನ ವಿಷಯ ಹೇಳಿದೆ. ಶರಣಪ್ಪ ಸರ್ ಸಹಿ ಹಾಕಲು ತಯಾರಿದ್ದದ್ದು, ನಾನು ಬೇಡವೆಂದದ್ದು, ಯಾಕೆ ಬೇಡವೆಂದದ್ದು, ಎಲ್ಲ.

ಗಿರಾಕಿ ಹೋದನೆಂದು ತೋರುತ್ತದೆ, ಕೊಡದ ಸದ್ದು ನಿಂತಿತು. ಫೋನ್ ಕಟ್ ಆಗಿರಲಿಲ್ಲ. ಕೇಳಿದೆ:

“ನಸೀಮಾ, ನಾ ಹೇಳಿದಂಗ ನಡದು ನಿನಗ ಒಳ್ಳೇದಾತೇನವ್ವ?”